ದೇವರು ನಂಬಿಗಸ್ತನು ಅಂದ್ರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಅಧ್ಯಯನದ ಗುಂಪಿನಲ್ಲಿ, ಆರಾಧನೆ ಮುಗಿಸಿ ಹೊರಗೆ ನಿಂತಾಗ, ಸಾವಿನ ಮನೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನೇ ಆದಷ್ಟು ಉಳಿಸಿಕೊಂಡಿದ್ದೇನೆ. ಎಲ್ಲವನ್ನೂ ಒಂದೇ ಸಲ ಓದಬೇಕಾಗಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಿ. ಸತ್ಯವೇದ (ಬೈಬಲ್) ಪಕ್ಕದಲ್ಲಿದ್ದರೆ ಒಳ್ಳೆಯದು.

## ಶುರುವಿನ ಪ್ರಶ್ನೆಗಳು

"ದೇವರು ನಂಬಿಗಸ್ತನು" ಅಂತ ಪ್ರತಿ ಭಾನುವಾರ ಕೇಳ್ತೀವಿ. ಸರಳವಾಗಿ ಹೇಳಿ, ಏನು ಹಾಗಂದ್ರೆ?

ದೇವರು ಕೊಟ್ಟ ಮಾತನ್ನು ನಡೆಸುತ್ತಾನೆ. ಇವತ್ತು ಒಂದು, ನಾಳೆ ಇನ್ನೊಂದು ಅನ್ನುವವನಲ್ಲ. ಧರ್ಮೋಪದೇಶಕಾಂಡ 7:9ರಲ್ಲಿ ಮೋಶೆ ಇದನ್ನೇ ಹೇಳುತ್ತಾನೆ: ತನ್ನನ್ನು ಪ್ರೀತಿಸುವವರ ಜೊತೆ ಮಾಡಿಕೊಂಡ ಒಡಂಬಡಿಕೆಯನ್ನು ಆತ ಸಾವಿರ ತಲೆಮಾರಿನವರೆಗೂ ಕಾಪಾಡುತ್ತಾನೆ. ಈ ಮಾತು ಕೇಳುತ್ತಿದ್ದವರು ಐಗುಪ್ತದಲ್ಲಿ ಜೀತ ಮಾಡಿದವರ ಮಕ್ಕಳು. ನೀವು ದೊಡ್ಡ ಜನಾಂಗ ಅಂತ ದೇವರು ನಿಮ್ಮನ್ನು ಆರಿಸಿಕೊಳ್ಳಲಿಲ್ಲ, ಎಲ್ಲರಿಗಿಂತ ಕಮ್ಮಿ ಜನ ಇದ್ದವರು ನೀವೇ ಅಂತ ಎರಡು ವಚನ ಹಿಂದೆ ಅವರಿಗೆ ಹೇಳಿದ್ದಾನೆ.

ಮುಂದಿನ ಎಲ್ಲ ಉತ್ತರಗಳಿಗೂ ಬೇಕಾದ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ದೇವರ ನಂಬಿಗಸ್ತಿಕೆಯನ್ನು ಅಳೆಯಬೇಕಾದ್ದು ಆತ ಕೊಟ್ಟ ಮಾತಿನಿಂದ. ಹಾಗಾಗಿ ಆತ ಏನು ಮಾತು ಕೊಟ್ಟಿದ್ದಾನೆ ಅಂತ ಮೊದಲು ಸರಿಯಾಗಿ ಓದಿಕೊಳ್ಳಬೇಕು. ಆತ ಕೊಡದೇ ಇರುವ ಮಾತನ್ನು ಆತನ ಹೆಸರಿನಲ್ಲಿ ಬೇರೆ ಯಾರೋ ಕೊಟ್ಟು, ಅದು ನಡೆಯದೆ ಹೋದಾಗ ಮನಸ್ಸು ಒಡೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ.

ಒಡಂಬಡಿಕೆ ಅಂದ್ರೆ ಒಂಥರಾ ಅಗ್ರಿಮೆಂಟಾ?

ಹೌದು, ಆದರೆ ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಹಾಕುವ ಅಗ್ರಿಮೆಂಟಿನಲ್ಲಿ ಒಬ್ಬ ತಪ್ಪಿದರೆ ಇನ್ನೊಬ್ಬನೂ ಬಿಡುಗಡೆ ಆಗುತ್ತಾನೆ ಅಲ್ವಾ? ಆದಿಕಾಂಡ 15ರಲ್ಲಿ ನಡೆದದ್ದೇ ಬೇರೆ.

ಅಬ್ರಾಮನಿಗೆ (ಮುಂದೆ ಅಬ್ರಹಾಮ ಅಂತ ಹೆಸರಾದವನು) ಮಕ್ಕಳಿಲ್ಲ. ನಿನ್ನ ಸಂತಾನ ನಕ್ಷತ್ರಗಳಷ್ಟಾಗುತ್ತದೆ ಅಂತ ದೇವರು ಹೇಳುತ್ತಾನೆ. ದೇಶ ಸಿಗುತ್ತದೆ ಅಂತಲೂ ಹೇಳುತ್ತಾನೆ. ಅದನ್ನು ನಾನು ತಿಳಿಯುವುದು ಹೇಗೆ ಅಂತ ಅಬ್ರಾಮ ನೇರವಾಗಿಯೇ ಕೇಳುತ್ತಾನೆ. ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು, ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ ತರಲು ದೇವರು ಹೇಳುತ್ತಾನೆ. ಅಬ್ರಾಮ ಪ್ರಾಣಿಗಳನ್ನು ಎರಡಾಗಿ ಕಡಿದು ತುಂಡುಗಳನ್ನು ಎದುರುಬದುರು ಇಡುತ್ತಾನೆ. ಹದ್ದುಗಳು ಬಂದು ಎರಗಿದರೆ ಓಡಿಸುತ್ತಾ ಕಾಯುತ್ತಾನೆ. ಆ ಕಾಲದಲ್ಲಿ ಒಪ್ಪಂದ ಮಾಡಿಕೊಂಡವರು ಇಂಥ ತುಂಡುಗಳ ನಡುವೆ ನಡೆದುಹೋಗುತ್ತಿದ್ದರು. ಮಾತಿಗೆ ತಪ್ಪಿದರೆ ನನಗೂ ಈ ಗತಿಯೇ ಬರಲಿ ಅನ್ನುವ ಆಣೆ ಅದು. ಯೆರೆಮೀಯ 34:18ರಲ್ಲಿ ಇದೇ ಪದ್ಧತಿ ಮತ್ತೆ ಕಾಣುತ್ತದೆ.

ಸೂರ್ಯ ಮುಳುಗುವಾಗ ಅಬ್ರಾಮನಿಗೆ ಗಾಢ ನಿದ್ರೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯಂಥದ್ದೂ ಉರಿಯುವ ಪಂಜೂ ಆ ತುಂಡುಗಳ ನಡುವೆ ಹಾದುಹೋಗುತ್ತವೆ. ನಡೆದದ್ದು ದೇವರು ಮಾತ್ರ. ಅಬ್ರಾಮ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಆಣೆಯ ಭಾರವನ್ನೆಲ್ಲ ಒಬ್ಬನೇ ಹೊತ್ತ ದೇವರು ಈತ. ಬೈಬಲಿನ ಮೊದಲ ಭಾಗವಾದ ಹಳೇ ಒಡಂಬಡಿಕೆಯಲ್ಲಿ ನನಗೆ ತುಂಬಾ ಬೇಕಾದ ಅಧ್ಯಾಯ ಇದು.

ಈ ವಿಷಯಕ್ಕೆ ಒಂದೇ ವಚನ ಕಲಿಯೋದಾದ್ರೆ ಯಾವುದು ಕಲೀಲಿ?

ಪ್ರಲಾಪಗಳು 3:22-23. ದೇವರ ಕರುಣೆ ಮುಗಿದುಹೋಗುವುದಿಲ್ಲ, ಪ್ರತಿ ಬೆಳಗ್ಗೆ ಹೊಸದಾಗಿರುತ್ತದೆ, ಆತನ ನಂಬಿಗಸ್ತಿಕೆ ದೊಡ್ಡದು ಅನ್ನುವ ಮಾತು. ಕ್ಯಾಲೆಂಡರ್‌ಗಳಲ್ಲಿ ಇದರ ಹಿಂದೆ ಬೆಟ್ಟ, ಸೂರ್ಯೋದಯ ಇರುತ್ತದೆ. ಪುಸ್ತಕದಲ್ಲಿ ಇದರ ಸುತ್ತ ಇರುವುದು ಸುಟ್ಟ ಊರು.

ಕ್ರಿಸ್ತಪೂರ್ವ 586ರ ಹೊತ್ತಿಗೆ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನು ಮುತ್ತಿ, ಹಸಿವಿನಿಂದ ಸಾಯಿಸಿ, ಕೊನೆಗೆ ದೇವಾಲಯಕ್ಕೇ ಬೆಂಕಿ ಇಟ್ಟಿತು. ತಾಯಂದಿರು ತಮ್ಮ ಮಕ್ಕಳನ್ನೇ ಬೇಯಿಸಿದರು ಅಂತ 4:10ರಲ್ಲಿದೆ. ಮೂರನೇ ಅಧ್ಯಾಯದಲ್ಲಿ ಮಾತಾಡುವವನು ದೇವರು ನನಗೆ ಹೊಂಚುಹಾಕಿದ ಕರಡಿಯಾಗಿದ್ದಾನೆ ಅನ್ನುತ್ತಾನೆ, ನನ್ನ ಹಲ್ಲನ್ನು ಕಲ್ಲಿನಿಂದ ಮುರಿದಿದ್ದಾನೆ ಅನ್ನುತ್ತಾನೆ. 18ನೇ ವಚನದಲ್ಲಿ ನಿರೀಕ್ಷೆಯೇ ಹೋಯಿತು ಅನ್ನುತ್ತಾನೆ. ಇದಾಗಿ ನಾಲ್ಕು ವಚನ ದಾಟಿದ ಮೇಲೆ ಈ ಮಾತು ಬರುತ್ತದೆ. ಪುಸ್ತಕ ಮುಗಿಯುವುದೂ ಸಮಾಧಾನದಲ್ಲಲ್ಲ. ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟೆಯಾ ಅನ್ನುವ ಅಳಲಿನಲ್ಲಿ ಮುಗಿಯುತ್ತದೆ.

ಕಲಿಯುವುದಾದರೆ 3:1ರಿಂದ ಗಟ್ಟಿಯಾಗಿ ಓದಿಕೊಂಡು ಬಂದು ಕಲಿಯಿರಿ.

ಇದೆಲ್ಲ ಕ್ರೈಸ್ತರಿಗೆ ಮಾತ್ರನಾ? ನಮ್ಮ ಪಕ್ಕದ ಮನೆಯವರಿಗೆ ದೇವರು ಏನೂ ಮಾತು ಕೊಟ್ಟಿಲ್ವಾ?

ಕೊಟ್ಟಿದ್ದಾನೆ. ಬೈಬಲಿನಲ್ಲಿ ಒಡಂಬಡಿಕೆ ಅಂತ ವಿವರವಾಗಿ ಬರುವ ಮೊದಲನೆಯದೇ ಎಲ್ಲ ಮನುಷ್ಯರ ಜೊತೆಗೂ ಎಲ್ಲ ಜೀವಿಗಳ ಜೊತೆಗೂ ಆದದ್ದು. ಜಲಪ್ರಳಯದ ನಂತರ ನೋಹನ ಮುಂದೆ, ಮಳೆಬಿಲ್ಲಿನ ಗುರುತಿನ ಜೊತೆ. ಭೂಮಿ ಇರುವ ತನಕ ಬಿತ್ತನೆ, ಕೊಯ್ಲು, ಚಳಿ, ಬಿಸಿಲು ನಿಲ್ಲುವುದಿಲ್ಲ ಅಂತ ಆದಿಕಾಂಡ 8:22ರಲ್ಲಿದೆ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆ ಅಂತ ಯೇಸು ಹೇಳಿದ್ದೂ ಇದನ್ನೇ.

ನಮ್ಮ ಸಭೆಗಳ ಬೆಳೆ ಹಬ್ಬ ಈ ಮಾತಿನ ಮೇಲೆ ನಿಂತಿದೆ. ವೇದಿಕೆ ಮುಂದೆ ಬಾಳೆಗೊನೆ, ಕುಂಬಳಕಾಯಿ, ಕಬ್ಬು, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರಂದು ಹೊಸ ತೆನೆ ತಂದು ಆಶೀರ್ವಾದ ಮಾಡಿಸಿ, ಮನೆಯಲ್ಲಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಆ ಮಳೆ ಊರಿಗೆಲ್ಲ ಬಿದ್ದದ್ದು. ಹಾಗಾಗಿ ಊಟಕ್ಕೆ ಪಕ್ಕದ ಮನೆಯವರನ್ನೂ ಕರೆಯಿರಿ.

## ಬದುಕಿನಲ್ಲಿ ಪೆಟ್ಟು ಬಿದ್ದಾಗ ಕೇಳುವ ಪ್ರಶ್ನೆಗಳು

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನನಗೆ ಯೆರೆಮೀಯ 29:11ರ ವಾಗ್ದಾನ ಕಾರ್ಡ್ ಬಂತು. ವರ್ಷ ಪೂರ್ತಿ ಕಷ್ಟವೇ ಆಯ್ತು. ದೇವರು ಮಾತು ತಪ್ಪಿದ್ನಾ?

ಇಲ್ಲ. ಆದರೆ ಆ ಕಾರ್ಡಿನಲ್ಲಿ ಅರ್ಧ ಮಾತು ಮಾತ್ರ ಇತ್ತು.

ಯೆರೆಮೀಯ 29 ಒಂದು ಪತ್ರ. ಬಾಬೆಲಿಗೆ ಸೆರೆ ಹೋದವರಿಗೆ ಯೆರೂಸಲೇಮಿನಿಂದ ಬರೆದದ್ದು. ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ, ನಿರೀಕ್ಷೆಯನ್ನೂ ಮುಂದಿನ ದಿನಗಳನ್ನೂ ಕೊಡುತ್ತೇನೆ ಅನ್ನುವ 11ನೇ ವಚನ ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ವಚನ ಏನು ಹೇಳುತ್ತದೆ? 70 ವರ್ಷ ಮುಗಿದ ಮೇಲೆ ಬಂದು ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತ. ಆ ಪತ್ರ ಓದಿಸಿಕೊಂಡಾಗ 40 ದಾಟಿದ್ದವನು ತಾನು ಊರಿಗೆ ಮರಳುವುದಿಲ್ಲ ಅಂತ ಅಲ್ಲೇ ತಿಳಿದುಕೊಂಡಿರಬೇಕು. ಅವನಿಗೆ ದೇವರು ಹೇಳಿದ್ದು ಮನೆ ಕಟ್ಟು, ತೋಟ ಹಾಕು, ಮಕ್ಕಳ ಮದುವೆ ಮಾಡು, ನೀನಿರುವ ಆ ಶತ್ರುವಿನ ಊರಿಗಾಗಿ ಪ್ರಾರ್ಥನೆ ಮಾಡು ಅಂತ.

ಅದೇ ಹೊತ್ತಿನಲ್ಲಿ ಇನ್ನೊಬ್ಬ ಪ್ರವಾದಿ ಇದ್ದ, ಹೆಸರು ಹನನ್ಯ. ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅಂತ ದೇವಾಲಯದಲ್ಲಿ ಸಾರಿದ. ಬಾಬೆಲಿಗೆ ತಲೆಬಾಗಬೇಕು ಅನ್ನುವ ಗುರುತಾಗಿ ಯೆರೆಮೀಯನ ಕತ್ತಿನಲ್ಲಿದ್ದ ನೊಗ ಕಿತ್ತು ಮುರಿದುಹಾಕಿದ. ಜನಕ್ಕೆ ಹಿಡಿಸಿದ್ದು ಯಾರ ಮಾತು ಅಂತ ಹೇಳಬೇಕಾಗಿಲ್ಲ. ದೇವರು ಕಳಿಸಿದ್ದು ಯೆರೆಮೀಯನನ್ನು.

ಕಾರ್ಡ್ ಹಂಚುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆ ರಾತ್ರಿ ಕೈಯಲ್ಲಿ ಒಂದು ವಚನ ಹಿಡಿದು ಮನೆಗೆ ಹೋಗುವುದು ಎಷ್ಟೋ ಮಂದಿಗೆ ಧೈರ್ಯ ಕೊಡುತ್ತದೆ. ಮನೆಗೆ ಹೋಗಿ ಆ ಅಧ್ಯಾಯ ಪೂರ್ತಿ ಓದಿ, ಅಷ್ಟೇ.

ಎಷ್ಟೋ ವರ್ಷದಿಂದ ಮಗುವಿಗಾಗಿ ಪ್ರಾರ್ಥನೆ ಮಾಡ್ತಿದ್ದೀವಿ. ನಂಬಿಕೆ ಕಮ್ಮಿ ಇರೋದಕ್ಕೆ ಆಗ್ತಿಲ್ಲ ಅಂತಾರೆ. ನಿಜವಾ?

ನಿಜ ಅಲ್ಲ. ಹಾಗೆ ಹೇಳಿದವರು ನಿಮಗೆ ಅನ್ಯಾಯ ಮಾಡಿದ್ದಾರೆ.

ಅಬ್ರಹಾಮ ಹಾರಾನಿನಿಂದ ಹೊರಟಾಗ 75 ವರ್ಷ. ಇಸಾಕ ಹುಟ್ಟಿದಾಗ 100. ಆ 25 ವರ್ಷದಲ್ಲಿ ಅವನು ಹೆದರಿ ಹೆಂಡತಿಯನ್ನು ತಂಗಿ ಅಂದ, ಮಗನಿಗಾಗಿ ದಾಸಿ ಹಾಗರಳ ಮೂಲಕ ಅಡ್ಡದಾರಿ ಹುಡುಕಿದ, ದೇವರ ಮಾತು ಕೇಳಿ ನಕ್ಕ. ಹೆಂಡತಿ ಸಾರಳೂ ನಕ್ಕಳು. ಮಗು ಹುಟ್ಟಿದ್ದು ಇವರ ನಂಬಿಕೆ ನೂರಕ್ಕೆ ನೂರು ತುಂಬಿತು ಅಂತ ಅಲ್ಲ.

ಇನ್ನೊಂದು ಮಾತು, ಇದನ್ನು ಹೇಳುವುದು ಕಷ್ಟ. ಅಬ್ರಹಾಮನಿಗೆ ಮಗ ಕೊಡುತ್ತೇನೆ ಅಂತ ದೇವರು ಮಾತು ಕೊಟ್ಟಿದ್ದನು. ಪ್ರತಿಯೊಂದು ದಂಪತಿಗೂ ಮಗು ಕೊಡುತ್ತೇನೆ ಅನ್ನುವ ಮಾತು ಬೈಬಲಿನಲ್ಲಿ ಇಲ್ಲ. ಎಲ್ಲರಿಗೂ ಕೊಟ್ಟಿರುವ ಮಾತು ಬೇರೆ: ನಿನ್ನನ್ನು ಕೈಬಿಡುವುದಿಲ್ಲ, ನಿನ್ನ ಜೊತೆಗಿರುತ್ತೇನೆ. ಕೇಳುವುದನ್ನು ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋಗುವುದೂ ಅಪನಂಬಿಕೆ ಅಲ್ಲ. ಆದರೆ ಉತ್ತರ ಬಾರದ್ದನ್ನು ನಿಮ್ಮ ತಪ್ಪಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ದೇಶವನ್ನೇ ಕೊಡುತ್ತೇನೆ ಅನ್ನಿಸಿಕೊಂಡ ಅಬ್ರಹಾಮ ಸಾರಳನ್ನು ಮಣ್ಣು ಮಾಡಲು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಗುಹೆಯಿದ್ದ ಹೊಲವೊಂದನ್ನು ಕೊಳ್ಳಬೇಕಾಯಿತು. ವಾಗ್ದಾನ ಕೈಗೆ ಬಾರದೆಯೇ ಇವರೆಲ್ಲ ಸತ್ತರು, ದೂರದಿಂದಲೇ ನೋಡಿ ಸಂತೋಷಪಟ್ಟರು ಅಂತ ಇಬ್ರಿಯರಿಗೆ 11:13 ಹೇಳುತ್ತದೆ. ಅಂಥವರನ್ನೇ ಅದು ನಂಬಿಕೆಯವರು ಅಂತ ಕರೆಯುತ್ತದೆ.

ನಮ್ಮ ಸಭೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ವಾಸಿಯಾಯ್ತು ಅಂತ ಸಾಕ್ಷಿ ಹೇಳಿದ್ರು. ನಮ್ಮಮ್ಮ ಅದೇ ಕಾಯಿಲೆಯಲ್ಲಿ ತೀರಿಹೋದ್ರು. ಅವರಿಗೆ ಮಾತ್ರ ದೇವರು ನಂಬಿಗಸ್ತನಾ?

ಅಪೊಸ್ತಲರ ಕೃತ್ಯಗಳು 12 ಓದಿ. ಅರಸ ಹೆರೋದ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ಸಾಲು, ಮುಗಿಯಿತು. ಆಮೇಲೆ ಪೇತ್ರನನ್ನು ಹಿಡಿಸಿದ. ಪೇತ್ರನಿಗೆ ದೇವದೂತ ಬಂದ, ಸರಪಣಿ ಬಿತ್ತು, ಬಾಗಿಲು ತಾನಾಗಿ ತೆರೆಯಿತು. ಇಬ್ಬರೂ ಯೇಸುವಿನ ಹತ್ತಿರದ ಶಿಷ್ಯರು. ಯಾಕೋಬನ ತಾಯಿ ಆ ರಾತ್ರಿ ಪೇತ್ರನ ಸುದ್ದಿ ಕೇಳಿದ್ದರೆ ಏನು ಅನ್ನಿಸಿರಬೇಕು? ಯಾಕೆ ಹೀಗೆ ಅಂತ ಇದನ್ನು ಬರೆದ ಲೂಕ ವಿವರಿಸುವುದಿಲ್ಲ. ಯಾಕೋಬನ ನಂಬಿಕೆ ಕಮ್ಮಿಯಿತ್ತು ಅಂತಲೂ ಬರೆಯುವುದಿಲ್ಲ.

ದಾನಿಯೇಲ 3ರಲ್ಲಿ ಬೆಂಕಿಯ ಮುಂದೆ ನಿಂತ ಮೂವರು ಹೇಳಿದ್ದನ್ನೂ ಗಮನಿಸಿ. ನಮ್ಮ ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಅಂತ ಅರಸನಿಗೆ ಅಂದರು. ಏನಾಗುತ್ತದೆ ಅಂತ ಗೊತ್ತಿಲ್ಲದೆ ಆಡಿದ ಮಾತು ಅದು.

ನಿಮ್ಮ ಅಮ್ಮನಿಗೆ ದೇವರು ಕೊಟ್ಟ ಮಾತು ಸಾವಿನಿಂದ ಮುರಿಯುವುದಿಲ್ಲ. ಯೇಸುವಿನಲ್ಲಿ ನಿದ್ರೆ ಹೋದವರನ್ನು ಎಬ್ಬಿಸುತ್ತೇನೆ ಅನ್ನುವ ಮಾತು ಇನ್ನೂ ನಡೆಯಬೇಕಾಗಿದೆ, ಕ್ರೈಸ್ತರು ಅದಕ್ಕೇ ಕಾಯುವುದು. ಪಾಸ್ಟರುಗಳಲ್ಲಿ ನನ್ನದೊಂದು ಬಿನ್ನಹ ಇದೆ: ಸಾಕ್ಷಿಯ ಹೊತ್ತಿನಲ್ಲಿ ವಾಸಿಯಾದವರಿಗೆ ಮಾತ್ರ ಮೈಕ್ ಕೊಡಬೇಡಿ. ಕಳೆದುಕೊಂಡೂ ಸಭೆಗೆ ಬರುತ್ತಿರುವವರ ಬಾಯಿಂದಲೂ ಕೇಳೋಣ.

ದೇವರ ಮೇಲೇ ಸಿಟ್ಟು ಬರ್ತಿದೆ. ಹಾಗಂದ್ರೆ ಪಾಪನಾ?

ಸಿಟ್ಟನ್ನು ಆತನ ಮುಂದೆಯೇ ಹೇಳಿ. ಕೀರ್ತನೆ 89 ಹಾಗೇ ಮಾಡುತ್ತದೆ. ಮೊದಲ 37 ವಚನ ದೇವರ ನಂಬಿಗಸ್ತಿಕೆಯ ಹೊಗಳಿಕೆ. ದಾವೀದನ ಮನೆತನಕ್ಕೆ ಕೊಟ್ಟ ಮಾತನ್ನು ಒಂದೊಂದಾಗಿ ನೆನಪಿಸುತ್ತದೆ. 38ನೇ ವಚನದಲ್ಲಿ ದನಿ ತಿರುಗುತ್ತದೆ: ಆದರೆ ನೀನು ತಳ್ಳಿಬಿಟ್ಟೆ, ಒಡಂಬಡಿಕೆ ಮುರಿದೆ, ಎಲ್ಲಿ ಹೋಯಿತು ನಿನ್ನ ಮೊದಲಿನ ಪ್ರೀತಿ? ಮಾತು ಉಳಿಸಿಕೊಳ್ಳುವವನು ಅಂತ ನಂಬಿದವರು ಮಾತ್ರ ಹೀಗೆ ಜಗಳಕ್ಕೆ ನಿಲ್ಲುತ್ತಾರೆ. ಅದರ ಹಿಂದಿನ 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಎರಡನ್ನೂ ಪ್ರಾರ್ಥನೆಯ ಪುಸ್ತಕದಲ್ಲೇ ಉಳಿಸಿಕೊಂಡಿದ್ದಾರೆ.

ಗಂಡ ಹೊಡೀತಾನೆ. "ದೇವರು ನಂಬಿಗಸ್ತನಾಗಿರೋ ಹಾಗೆ ನೀನೂ ಇರು, ಸಹಿಸ್ಕೋ" ಅಂತ ಹಿರಿಯರು ಹೇಳ್ತಾರೆ. ಏನು ಮಾಡ್ಲಿ?

ಅಕ್ಕಾ, ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112. ಆಮೇಲೆ ಮಿಕ್ಕಿದ್ದು.

ಮಲಾಕಿಯ 2:14ರಲ್ಲಿ, ಯೌವನದ ಹೆಂಡತಿಗೆ ದ್ರೋಹ ಮಾಡಿದ ಗಂಡನ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ಲುತ್ತಾನೆ. ನಿಮ್ಮ ಮನೆಯಲ್ಲಿ ಒಡಂಬಡಿಕೆ ಮುರಿದವನು ಕೈ ಎತ್ತಿದವನು. ಅರಸ ಸೌಲ ಈಟಿ ಎಸೆದಾಗ ದಾವೀದ ಅಲ್ಲೇ ಕೂತು ಸಹಿಸಲಿಲ್ಲ. ತಪ್ಪಿಸಿಕೊಂಡ, ರಾತ್ರಿ ಕಿಟಕಿಯಿಂದ ಇಳಿದು ಓಡಿದ. ಅದಕ್ಕಾಗಿ ಅವನನ್ನು ಅಪನಂಬಿಗಸ್ತ ಅಂತ ಬೈಬಲ್ ಎಲ್ಲೂ ಕರೆಯುವುದಿಲ್ಲ. ಹಿಂಸೆಯನ್ನು ಸಹಿಸುವಂತೆ ಮಾಡಲು ದೇವರ ನಂಬಿಗಸ್ತಿಕೆಯನ್ನು ಬಳಸುವುದು ಆತನ ಹೆಸರಿಗೆ ಮಾಡುವ ಅವಮಾನ.

ನಾನೇ ದಾರಿ ತಪ್ಪಿದೆ. ಸಭೆಗೆ ಮುಖ ತೋರಿಸೋಕೂ ನಾಚಿಕೆ. ದೇವರು ಇನ್ನೂ ನನ್ನ ಕೈಬಿಟ್ಟಿಲ್ವಾ?

ಬಿಟ್ಟಿಲ್ಲ. 1 ಯೋಹಾನ 1:9 ಹೇಳುವುದನ್ನು ನಿಧಾನವಾಗಿ ಓದಿ. ಪಾಪ ಒಪ್ಪಿಕೊಂಡರೆ ಕ್ಷಮಿಸುವವನು ನಂಬಿಗಸ್ತನೂ ನೀತಿವಂತನೂ ಆಗಿದ್ದಾನೆ. ಕ್ಷಮೆ ಆತನ ಆ ದಿನದ ಮನಸ್ಸಿನ ಮೇಲೆ ನಿಂತಿಲ್ಲ. ಆತ ಕೊಟ್ಟ ಮಾತಿನ ಮೇಲೆ ನಿಂತಿದೆ.

ಪೇತ್ರ ಮಹಾಯಾಜಕನ ಅಂಗಳದಲ್ಲಿ ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ ಯೇಸುವನ್ನು ಅರಿಯೆ ಅಂದ. ಯೋಹಾನ 21ರಲ್ಲಿ ಕೆರೆಯ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ, ಅದರ ಮೇಲೆ ಮೀನು. ಯೇಸು ಊಟ ಹಾಕಿ, ಊಟ ಆದ ಮೇಲೆ ಮೂರು ಸಲ ಕೇಳಿದನು, ನನ್ನನ್ನು ಪ್ರೀತಿಸುತ್ತೀಯಾ ಅಂತ. ನಡೆದದ್ದನ್ನು ಮುಚ್ಚಿಡಲೂ ಇಲ್ಲ, ಪೇತ್ರನನ್ನು ಬಿಡಲೂ ಇಲ್ಲ. ನಿಮ್ಮಿಂದ ಯಾರಿಗಾದರೂ ನೋವಾಗಿದ್ದರೆ ಅವರ ಹತ್ತಿರ ಹೋಗಿ ಸರಿಮಾಡಿ. ಕುಡಿತದಂಥದ್ದಾದರೆ ಚಿಕಿತ್ಸೆ ತೆಗೆದುಕೊಳ್ಳಿ.

ದಶಮಾಂಶ ಕೊಟ್ರೆ ಹತ್ತರಷ್ಟು ವಾಪಸ್ ಬರುತ್ತೆ, ದೇವರು ಸಾಲ ಇಟ್ಕೊಳ್ಳಲ್ಲ ಅಂತಾರಲ್ಲ?

ಅಂಥ ಲೆಕ್ಕ ಬೈಬಲಿನಲ್ಲಿ ಇಲ್ಲ. ಎಲ್ಲರೂ ಎತ್ತಿ ತೋರಿಸುವ ಮಲಾಕಿಯ 3:10 ಇಡೀ ಜನಾಂಗಕ್ಕೆ ಹೇಳಿದ್ದು, ಆಲಯದ ಕಣಜದಲ್ಲಿ ಆಹಾರ ಇರಲಿ ಅಂತ. ದಶಮಾಂಶದಲ್ಲಿ, ಅಂದರೆ ಬೆಳೆಯ ಹತ್ತರಲ್ಲೊಂದು ಪಾಲಿನಲ್ಲಿ, ಆಲಯದ ಸೇವೆಯ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬಿಸಿಕೊಳ್ಳಬೇಕು ಅಂತ ಧರ್ಮೋಪದೇಶಕಾಂಡ 14:28-29ರಲ್ಲಿದೆ. ಪ್ರೀತಿಯಿಂದ ಕೊಡಿ. ಬಡ್ಡಿ ಸಮೇತ ವಾಪಸ್ ಅನ್ನುವವರಿಗೆ ಸಾಲ ಮಾಡಿ ಕೊಡಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ದೇವರು ಬದಲಾಗಲ್ಲ ಅಂತೀರಾ. ಸೌಲನನ್ನ ಅರಸ ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟ ಅಂತ ಬೈಬಲ್ಲೇ ಹೇಳುತ್ತಲ್ಲ?

ಒಂದೇ ಅಧ್ಯಾಯದಲ್ಲಿ ಎರಡೂ ಇದೆ. 1 ಸಮುವೇಲ 15ರ 11 ಮತ್ತು 35ನೇ ವಚನದಲ್ಲಿ ದೇವರು ಪಶ್ಚಾತ್ತಾಪಪಟ್ಟನು ಅಂತಿದೆ. 29ನೇ ವಚನದಲ್ಲಿ ಮನುಷ್ಯನಂತೆ ಪಶ್ಚಾತ್ತಾಪಪಡುವವನಲ್ಲ ಅಂತಿದೆ. ಬರೆದವನಿಗೆ ಇದು ಕಾಣಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಎರಡೂ ನಿಜ ಅಂತಲೇ ಇಟ್ಟಿದ್ದಾನೆ. ದೇವರಿಗೆ ದುಃಖ ಆಗುತ್ತದೆ, ಮನುಷ್ಯರು ತಿರುಗಿದಂತೆ ಅವರ ಜೊತೆ ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆ. ಆದರೆ ಮನುಷ್ಯರ ಹಾಗೆ ಸುಳ್ಳು ಹೇಳಿಯೋ ಮನಸ್ಸು ಕೆಟ್ಟೋ ಮಾತು ಬದಲಿಸುವುದಿಲ್ಲ.

ನಿನೆವೆಯ ವಿಷಯದಲ್ಲೂ ಹೀಗೇ. 40 ದಿನದಲ್ಲಿ ನಾಶ ಅಂತ ಯೋನ ಸಾರಿದ, ಜನ ತಿರುಗಿಕೊಂಡರು, ನಾಶ ಆಗಲಿಲ್ಲ. ಯೋನನಿಗೆ ಕೋಪ ಬಂತು. ನೀನು ಕನಿಕರ ಉಳ್ಳವನು ಅಂತ ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಓಡಿಹೋದೆ ಅಂತ 4:2ರಲ್ಲಿ ದೂರುತ್ತಾನೆ. ದೇವರ ಗುಣ ಬದಲಾಗದು ಅಂತ ಗೊತ್ತಿದ್ದದ್ದೇ ಅವನ ತಕರಾರು.

2 ತಿಮೊಥೆಯ 2:12ರಲ್ಲಿ ನಾವು ಅಲ್ಲಗಳೆದರೆ ಆತನೂ ಅಲ್ಲಗಳೆಯುತ್ತಾನೆ ಅಂತಿದೆ. 13ರಲ್ಲಿ ನಾವು ಅಪನಂಬಿಗಸ್ತರಾದರೂ ಆತ ನಂಬಿಗಸ್ತ. ಯಾವುದನ್ನ ಹಿಡಿಯೋದು?

ಸಭೆಗಳೇ ಇದರಲ್ಲಿ ಒಂದಾಗಿಲ್ಲ. ದೇವರು ಆರಿಸಿಕೊಂಡವರು ಕೊನೆಗೆ ಬಿದ್ದುಹೋಗಲಾರರು ಅಂತ ಹಾಲೆಂಡಿನ ಡಾರ್ಟ್‌ನಲ್ಲಿ 1618-19ರಲ್ಲಿ ಸೇರಿದ ಸಿನೊಡ್ (ಸಭೆಗಳ ಪ್ರತಿನಿಧಿಗಳ ಕೂಟ) ತೀರ್ಮಾನಿಸಿತು. ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ, ನಂಬಿದವನು ನಂಬಿಕೆಯನ್ನು ಬಿಟ್ಟು ಹೋಗಬಹುದು ಅಂದ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಹಳೇ ಮೈಸೂರಿನ ವೆಸ್ಲಿಯನ್ ಸಭೆಗಳೂ, ಡಾರ್ಟ್‌ನ ಮಾತಿಗೆ ಹತ್ತಿರವಿದ್ದ ಪ್ರೆಸ್ಬಿಟೇರಿಯನ್ ಮೂಲದವರೂ ಒಂದೇ ಸಭೆಯಾದರು. ಈ ಪ್ರಶ್ನೆ ಮುಗಿಯದೆಯೇ ಜೊತೆಗೆ ಕೂತು ಕರ್ತನ ಭೋಜನ ಮಾಡಬಹುದು ಅನ್ನುವುದಕ್ಕೆ ನಮ್ಮ ನಾಡಿನದೇ ಉದಾಹರಣೆ.

ನನ್ನ ಓದು ಹೀಗಿದೆ: 12ನೆಯದು ಬೇಕೆಂದೇ ಬೆನ್ನು ತಿರುಗಿಸಿ ಹೋಗುವವರಿಗೆ ಎಚ್ಚರಿಕೆ. 13ನೆಯದು ಎಡವಿ ಎಡವಿ ಬರುತ್ತಿರುವವರಿಗೆ ಧೈರ್ಯ. ನಾನು ಬಿದ್ದುಹೋದೆನಾ ಅಂತ ರಾತ್ರಿ ನಿದ್ದೆಗೆಟ್ಟು ಕೇಳುವವರು ಸಾಮಾನ್ಯವಾಗಿ ಎರಡನೇ ಗುಂಪಿನವರು.

ಇಸ್ರಾಯೇಲರಿಗೆ ಕೊಟ್ಟ ಮಾತು ಈಗ ಸಭೆಗೆ ವರ್ಗ ಆಯ್ತು ಅಂತಾರೆ. ಹಾಗಾದ್ರೆ ದೇವರು ಅವರ ವಿಷಯದಲ್ಲಿ ಮಾತು ತಪ್ಪಿದ ಹಾಗಲ್ವಾ?

ಈ ಪ್ರಶ್ನೆ ಯೆಹೂದ್ಯನೇ ಆಗಿದ್ದ ಅಪೊಸ್ತಲ ಪೌಲನನ್ನೇ ಕಾಡಿತು. ರೋಮಾಪುರದವರಿಗೆ ಬರೆದ ಪತ್ರದ 9ರಿಂದ 11ನೇ ಅಧ್ಯಾಯದ ತನಕ ಅವನು ಇದರ ಜೊತೆ ಗುದ್ದಾಡುತ್ತಾನೆ. ಅಬ್ರಹಾಮನ ಜನರನ್ನೇ ಕೈಬಿಡುವ ದೇವರು ನಮ್ಮನ್ನು ಕೈಬಿಡುವುದಿಲ್ಲ ಅಂತ ನಂಬುವುದು ಹೇಗೆ? 11:29ರಲ್ಲಿ ಅವನ ಉತ್ತರ ಇದೆ: ದೇವರು ಕೊಟ್ಟ ವರವನ್ನೂ ಕರೆಯನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಜನಾಂಗದ ನಾವು ಕಸಿ ಕಟ್ಟಿದ ಕೊಂಬೆಗಳು, ಮೂಲದ ಕೊಂಬೆಗಳ ಮುಂದೆ ಜಂಬ ಪಡಬೇಡಿ, ನಿಮ್ಮನ್ನು ಹೊತ್ತಿರುವುದು ಬೇರು ಅಂತ 11:18ರಲ್ಲಿ ಎಚ್ಚರಿಸುತ್ತಾನೆ.

ಸಭೆ ಈ ಎಚ್ಚರಿಕೆಯನ್ನು ಶತಮಾನಗಟ್ಟಲೆ ಮರೆಯಿತು. ಯೂರೋಪಿನ ಯೆಹೂದ್ಯರು ಅದರ ಬೆಲೆ ತೆತ್ತರು. ಯೆಹೂದ್ಯರನ್ನು ದೇವರು ತಳ್ಳಿಬಿಟ್ಟವರು ಅಂತ ತೋರಿಸಬಾರದು ಅಂತ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು, ಪೌಲನ ಇದೇ ಮಾತಿನ ಆಧಾರದ ಮೇಲೆ. ಇಷ್ಟಾದರೂ ಇಂದಿನ ಯಾವುದೇ ಸರ್ಕಾರ ಮಾಡಿದ್ದೆಲ್ಲ ಸರಿ ಅನ್ನುವುದಕ್ಕೆ ಈ ಅಧ್ಯಾಯಗಳನ್ನು ಬಳಸಲು ಬರುವುದಿಲ್ಲ. ಇಸ್ರಾಯೇಲಿನ ಅರಸರನ್ನು ದೇವರ ಪ್ರವಾದಿಗಳಷ್ಟು ಬೈದವರು ಬೇರೆ ಯಾರೂ ಇಲ್ಲ.

ನಡೆದ್ರೆ "ದೇವರ ನಂಬಿಗಸ್ತಿಕೆ", ನಡೀದಿದ್ರೆ "ದೇವರ ಚಿತ್ತ". ಸೋಲೇ ಇಲ್ಲದ ಆಟ ಅಲ್ವಾ ಇದು? ಸುಳ್ಳು ಅಂತ ತೋರಿಸೋಕೆ ಸಾಧ್ಯವೇ ಇಲ್ವಲ್ಲ?

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ತುಂಬಾ ಜನ ಹಾಗೇ ಮಾತಾಡುತ್ತೇವೆ, ಅದು ಸರಿಯಲ್ಲ. ಬಸ್ ಸಿಕ್ಕಿದ್ದು, ಇಂಟರ್‌ವ್ಯೂ ಪಾಸಾದದ್ದು, ಇವುಗಳಿಗೆ ದೇವರಿಗೆ ಥ್ಯಾಂಕ್ಸ್ ಹೇಳಿ, ಆದರೆ ಇವುಗಳನ್ನೇ ಪುರಾವೆ ಮಾಡಿಕೊಳ್ಳಬೇಡಿ. ಬಸ್ ತಪ್ಪಿದ ದಿನ ಆ ಪುರಾವೆಯೂ ಹೋಗುತ್ತದೆ.

ಪೌಲ ಹಾಗೆ ಮಾಡಲಿಲ್ಲ. ಯೇಸು ಸತ್ತು 25 ವರ್ಷವೂ ಆಗುವ ಮೊದಲೇ ಅವನು ಕೊರಿಂಥದವರಿಗೆ ಬರೆದ. ಕ್ರಿಸ್ತ ಎದ್ದು ಬರದಿದ್ದರೆ ನಮ್ಮ ಬೋಧನೆ ಹುಸಿ, ನಿಮ್ಮ ನಂಬಿಕೆ ವ್ಯರ್ಥ, ನಾವು ದೇವರ ಬಗ್ಗೆ ಸುಳ್ಳು ಸಾಕ್ಷಿ ಹೇಳಿದವರಾಗುತ್ತೇವೆ ಅಂದ (1 ಕೊರಿಂಥ 15:14-17). ಎದ್ದ ಯೇಸುವನ್ನು ಕಂಡ 500ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆ ಅಂತಲೂ ಅದೇ ಅಧ್ಯಾಯದಲ್ಲಿ ಬರೆದ. ಎಲ್ಲ ಭಾರವನ್ನೂ ಒಂದೇ ಘಟನೆಯ ಮೇಲೆ ಇಟ್ಟ.

ಹಾಗಾಗಿ ವಿಚಾರಿಸಬೇಕಾದ್ದು ಅಲ್ಲಿ. ಆ ಸಮಾಧಿ ಯಾಕೆ ಬರಿದಾಗಿತ್ತು, ಹೆದರಿ ಬಾಗಿಲು ಹಾಕಿಕೊಂಡಿದ್ದವರು ಯಾಕೆ ಬೀದಿಗೆ ಬಂದರು, ಯೇಸುವನ್ನು ನಂಬದಿದ್ದ ಅವನ ತಮ್ಮ ಯಾಕೋಬ (ಹೆರೋದ ಕೊಲ್ಲಿಸಿದ ಯಾಕೋಬ ಬೇರೆ) ಯೆರೂಸಲೇಮ್ ಸಭೆಯ ಮುಂದಾಳು ಆದದ್ದು ಹೇಗೆ ಅಂತ ಕೇಳಿ. ನಾಲ್ಕು ಸುವಾರ್ತೆಗಳ ಕೊನೆಯ ಅಧ್ಯಾಯಗಳನ್ನೂ 1 ಕೊರಿಂಥ 15ನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಹೊಂದಿಕೆಯಾಗದ ಕಡೆ ಗುರುತು ಹಾಕಿ, ನಂಬುವವರ ಹತ್ತಿರವೂ ನಂಬದವರ ಹತ್ತಿರವೂ ಮಾತಾಡಿ. ಆ ಮಾತು ನಿಜವಾದರೆ, ಸತ್ತವರಿಗೆ ಕೊಟ್ಟ ಮಾತನ್ನೂ ದೇವರು ನಡೆಸಬಲ್ಲ. ಸುಳ್ಳಾದರೆ, ಮೇಲಿನ ಉತ್ತರಗಳಲ್ಲಿ ಯಾವುದೂ ನಿಲ್ಲುವುದಿಲ್ಲ.